ದೃಷ್ಟಾಂತವೂ ಹೇತುವೂ: ಮಾಲ್ಕಮ್ ಗ್ಲಾಡ್‌ವೆಲ್ಲರ ಗ್ರಂಥಗಳ ವಿಚಾರ

ಶಾಸ್ತ್ರವನ್ನು ರಚಿಸುವವರು ಬೇರೆ, ಶಾಸ್ತ್ರದಲ್ಲಿರುವುದನ್ನು ಲೋಕಕ್ಕೆ ತಿಳಿಯುವಂತೆ ಹೇಳುವವರು ಬೇರೆ. ಮೊದಲನೆಯವರು ತಮ್ಮ ಸಮಾನರಿಗಾಗಿ ಬರೆಯುತ್ತಾರೆ. ತಾವು ಕಂಡುದು ಇಷ್ಟು, ಕಾಣದುದು ಇಷ್ಟು ಎಂದು ಗೆರೆಯೆಳೆದು ನಿಲ್ಲಿಸಿಬಿಡುತ್ತಾರೆ. ಎರಡನೆಯವರಿಗೆ ಆ ಸೌಕರ್ಯವಿಲ್ಲ. ದಿನದ ಕೆಲಸವನ್ನು ಮುಗಿಸಿ, ರಾತ್ರಿಯ ಊಟಕ್ಕೆ ಮುಂಚೆ ಅರ್ಧ ಗಂಟೆ ಪುಸ್ತಕವನ್ನು ಹಿಡಿಯುವ ಗೃಹಸ್ಥನ ಮನಸ್ಸನ್ನು ಅವರು ಮೊದಲು ಗೆಲ್ಲಬೇಕು. ಉಪದೇಶದ ರೀತಿಗಳನ್ನು ಮಮ್ಮಟಾಚಾರ್ಯರು ಮೂರಾಗಿ ವಿಂಗಡಿಸಿರುವುದನ್ನು ಅಲಂಕಾರಶಾಸ್ತ್ರದ ಪರಿಚಯವುಳ್ಳವರೆಲ್ಲರೂ ಬಲ್ಲರು: ಒಡೆಯನಂತೆ ವಿಧಿಸುವುದು ವೇದ, ಮಿತ್ರನಂತೆ ಬುದ್ಧಿ ಹೇಳುವುದು ಪುರಾಣೇತಿಹಾಸ, ಕಾಂತೆಯಂತೆ ಮನವೊಲಿಸುವುದು ಕಾವ್ಯ. ಜನಸಾಮಾನ್ಯರಿಗಾಗಿ ವಿಜ್ಞಾನವನ್ನು ಬರೆಯುವವನು ನ್ಯಾಯವಾಗಿ ಮಿತ್ರನ ಪೀಠದಲ್ಲಿ ಕುಳಿತುಕೊಳ್ಳತಕ್ಕವನು. ಅವನು ಮೆಲ್ಲಮೆಲ್ಲನೆ ಕಾಂತೆಯ ಪೀಠಕ್ಕೆ ಸರಿದರೆ ಕೇಳುವವನಿಗೆ ಸಂತೋಷವು ಹೆಚ್ಚುವುದೇನೋ ನಿಜ. ಆದರೆ ಶಾಸ್ತ್ರದ ಗತಿಯೇನಾಗುವುದು? ಆಂಗ್ಲಭಾಷೆಯಲ್ಲಿ ಮನಶ್ಶಾಸ್ತ್ರದ ಸಂಶೋಧನೆಗಳನ್ನು ಮನೆಮನೆಗೆ ಮುಟ್ಟಿಸಿದ ಮಾಲ್ಕಮ್ ಗ್ಲಾಡ್‌ವೆಲ್ಲರ ಪುಸ್ತಕಗಳನ್ನು ಓದುವಾಗ ಈ ಪ್ರಶ್ನೆಯು ನಮ್ಮನ್ನು ಬಿಡದೆ ಹಿಂಬಾಲಿಸಿತು. ನಮ್ಮ ಸಂಘದ ವಾಚನಾಲಯದಲ್ಲಿ ಇವರ ಪುಸ್ತಕಗಳಷ್ಟು ಕೈಯಿಂದ ಕೈಗೆ ಹೋಗುವ ಆಂಗ್ಲಗ್ರಂಥಗಳು ಬಹಳವಿಲ್ಲವಾದ ಕಾರಣ, ಇವುಗಳ ಗುಣದೋಷಗಳನ್ನು ಇಲ್ಲಿ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಗ್ರಂಥಕರ್ತರ ವಿಷಯವಾಗಿ ಎರಡು ಮಾತು. ಇವರು ೧೯೬೩ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿ ಬೆಳೆದವರು. ತಂದೆ ಗಣಿತಜ್ಞರು, ತಾಯಿ ಜಮೈಕಾ ದ್ವೀಪದವರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸವನ್ನು ಓದಿ, ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಬಾತ್ಮೀದಾರರಾಗಿದ್ದು, ೧೯೯೬ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯನ್ನು ಸೇರಿದರು. ಮನಶ್ಶಾಸ್ತ್ರದಲ್ಲಾಗಲಿ ಸಮಾಜಶಾಸ್ತ್ರದಲ್ಲಾಗಲಿ ಇವರು ಸ್ವತಃ ಸಂಶೋಧನೆ ನಡೆಸಿದವರಲ್ಲ. ಇದನ್ನು ನಾವು ದೋಷವೆಂದು ಎಣಿಸುವುದಿಲ್ಲ. ಮಾಧುರ್ಯವಾಗಿ ಹರಿಕಥೆ ಮಾಡುವವರೆಲ್ಲರೂ ಭಾಷ್ಯಕಾರರಾಗಿರಬೇಕೆಂಬ ನಿಯಮವಿಲ್ಲ. ‘ದಿ ಟಿಪ್ಪಿಂಗ್ ಪಾಯಿಂಟ್’ ೨೦೦೦ದಲ್ಲಿಯೂ, ‘ಬ್ಲಿಂಕ್’ ೨೦೦೫ರಲ್ಲಿಯೂ, ‘ಔಟ್‌ಲೈಯರ್ಸ್’ ೨೦೦೮ರಲ್ಲಿಯೂ ಪ್ರಕಟವಾದುವು. ಈ ಲೇಖನದಲ್ಲಿ ಮುಖ್ಯವಾಗಿ ಕಡೆಯ ಗ್ರಂಥವನ್ನೂ ಸ್ವಲ್ಪಮಟ್ಟಿಗೆ ಮೊದಲನೆಯದನ್ನೂ ಎತ್ತಿಕೊಂಡಿದ್ದೇವೆ. ‘ಬ್ಲಿಂಕ್’ ನಮ್ಮ ಮನಸ್ಸಿಗೆ ಅಷ್ಟಾಗಿ ಹಿಡಿಸಲಿಲ್ಲ. ಕ್ಷಣಮಾತ್ರದ ನಿರ್ಣಯವು ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು ಎಂಬುದನ್ನು ತಿಳಿಯಲು ಅಷ್ಟು ಪುಟಗಳು ಬೇಕಾಗಿರಲಿಲ್ಲ.

ಇವರ ರಚನಾಕ್ರಮವನ್ನು ತಿಳಿಯಬೇಕಾದರೆ ‘ಔಟ್‌ಲೈಯರ್ಸ್’ ಗ್ರಂಥದ ಉಪೋದ್ಘಾತವೊಂದೇ ಸಾಕು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ರೊಸೆಟೊ ಎಂಬ ಸಣ್ಣ ಊರು. ಇಟಲಿಯಿಂದ ವಲಸೆ ಬಂದ ಕಲ್ಲುಗಣಿಯ ಕೂಲಿಗಳು ಕಟ್ಟಿಕೊಂಡದ್ದು. ೧೯೫೦ರ ದಶಕದಲ್ಲಿ ಸ್ಟ್ಯುವರ್ಟ್ ವುಲ್ಫ್ ಎಂಬ ವೈದ್ಯರಿಗೆ, ಈ ಊರಿನಲ್ಲಿ ೬೫ ವರ್ಷದೊಳಗಿನವರು ಹೃದ್ರೋಗದಿಂದ ಸಾಯುವುದು ಅಪರೂಪವೆಂಬ ಸಂಗತಿ ಕಿವಿಗೆ ಬಿತ್ತು. ಏಕಿರಬಹುದು? ಊಟವೇ? ಅಲ್ಲ, ಅವರು ಹಂದಿಯ ಕೊಬ್ಬಿನಲ್ಲಿಯೇ ಕರಿದು ತಿನ್ನುತ್ತಿದ್ದರು. ವ್ಯಾಯಾಮವೇ? ಅದೂ ಅಲ್ಲ. ವಂಶಗುಣವೇ? ಬೇರೆ ಊರುಗಳಿಗೆ ಹೋಗಿ ನೆಲಸಿದ ಅದೇ ವಂಶದವರಿಗೆ ಈ ಭಾಗ್ಯವಿರಲಿಲ್ಲ. ಸ್ಥಳದ ಗುಣವೇ? ನೆರೆಯ ಊರುಗಳಲ್ಲಿ ರೋಗವಿತ್ತು. ಹೀಗೆ ಒಂದೊಂದನ್ನೇ ನಿರಾಕರಿಸುತ್ತ ಬಂದು, ಕೊನೆಯಲ್ಲಿ ಉಳಿದದ್ದು ಆ ಊರಿನ ಒಕ್ಕಟ್ಟು: ಮೂರು ತಲೆಮಾರುಗಳು ಒಂದೇ ಸೂರಿನಡಿ ಇರುವುದು, ಬೀದಿಯಲ್ಲಿ ನಿಂತು ಮಾತನಾಡುವುದು, ಹಿರಿಯರಿಗೆ ಮರ್ಯಾದೆ. ನಮ್ಮ ತಾರ್ಕಿಕರು ಇದನ್ನು ಪರಿಶೇಷಾನುಮಾನವೆನ್ನುವರು. ಗ್ಲಾಡ್‌ವೆಲ್ಲರು ಅದನ್ನು ಪತ್ತೇದಾರಿ ಕಥೆಯಂತೆ ನಡೆಸುತ್ತಾರೆ. ಓದುವವನು ಪುಟ ತಿರುವುತ್ತಾನೆ, ಉತ್ತರ ಸಿಕ್ಕಿದಾಗ ತಾನೇ ಕಂಡುಹಿಡಿದಂತೆ ಹಿಗ್ಗುತ್ತಾನೆ. ಪರಿಶೇಷಾನುಮಾನಕ್ಕೆ ಒಂದು ಷರತ್ತುಂಟು: ಇರಬಹುದಾದ ಕಾರಣಗಳನ್ನೆಲ್ಲ ಪಟ್ಟಿಗೆ ತಂದಿದ್ದರೆ ಮಾತ್ರ ಉಳಿದದ್ದು ಸತ್ಯ. ಆದರೂ ಈ ಉದಾಹರಣೆಯಲ್ಲಿ ಗ್ರಂಥಕರ್ತರ ಕಾಲು ಅಷ್ಟಾಗಿ ಜಾರಿಲ್ಲ. ರೊಸೆಟೊದ ಒಕ್ಕಟ್ಟು ಸಡಿಲಿದ ಮೇಲೆ ಅಲ್ಲಿಯೂ ಹೃದ್ರೋಗವು ನೆರೆಯೂರಿನ ಮಟ್ಟಕ್ಕೆ ಏರಿತೆಂದು, ಐವತ್ತು ವರ್ಷಗಳ ಮರಣದಾಖಲೆಗಳನ್ನು ಪರಿಶೀಲಿಸಿದವರು ೧೯೯೨ರಲ್ಲಿ ಬರೆದರು.

ಇದಕ್ಕಿಂತಲೂ ಉತ್ತಮವಾದುದು ಮೊದಲನೆಯ ಅಧ್ಯಾಯ. ಅದು ಕೆನಡಾ ದೇಶದ ಹಾಕಿ ಆಟಗಾರರ ಜನ್ಮಮಾಸಗಳ ವಿಚಾರ. ಅಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯೆಂದರೆ ನಮ್ಮಲ್ಲಿ ಕ್ರಿಕೆಟ್ಟು ಇದ್ದ ಹಾಗೆ. ಹುಡುಗರನ್ನು ವಯಸ್ಸಿನ ಪ್ರಕಾರ ಗುಂಪು ಮಾಡಲು ಜನವರಿ ೧ನೆಯ ತಾರೀಖನ್ನು ಗಡುವಾಗಿ ಇಟ್ಟುಕೊಂಡಿದ್ದಾರೆ. ೧೯೮೦ರ ದಶಕದಲ್ಲಿ ರೋಜರ್ ಬಾರ್ನ್‌ಸ್ಲಿ ಎಂಬ ಮನಶ್ಶಾಸ್ತ್ರಜ್ಞರು ಪಂದ್ಯವನ್ನು ನೋಡಲು ಹೋಗಿದ್ದಾಗ, ಅವರ ಪತ್ನಿಯು ಆಟಗಾರರ ಪಟ್ಟಿಯನ್ನು ಸುಮ್ಮನೆ ಓದುತ್ತ, ಇವರಲ್ಲಿ ಬಹುಮಂದಿ ಜನವರಿ, ಫೆಬ್ರವರಿ, ಮಾರ್ಚಿಯಲ್ಲಿ ಹುಟ್ಟಿದವರಲ್ಲಾ ಎಂದು ತೋರಿಸಿದರಂತೆ. ಎಣಿಸಿ ನೋಡಿದರೆ, ಶ್ರೇಷ್ಠ ತಂಡಗಳಲ್ಲಿ ನೂರಕ್ಕೆ ೪೦ ಮಂದಿ ವರ್ಷದ ಮೊದಲ ಮೂರು ತಿಂಗಳವರು. ಮುಂದಿನ ಮೂರು ತಿಂಗಳವರು ೩೦, ಆಮೇಲೆ ೨೦, ಕಡೆಯ ಮೂರು ತಿಂಗಳವರು ಕೇವಲ ೧೦. ಇದರಲ್ಲಿ ಗ್ರಹಗತಿಯೇನೂ ಇಲ್ಲ. ಒಂಬತ್ತು ಹತ್ತು ವರ್ಷದ ಹುಡುಗರಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಮೈಕಟ್ಟಿನಲ್ಲಿ ದೊಡ್ಡ ಅಂತರ. ದೊಡ್ಡ ಹುಡುಗನನ್ನು ಜಾಣನೆಂದು ಆರಿಸುತ್ತಾರೆ. ಆರಿಸಿದವನಿಗೆ ಒಳ್ಳೆಯ ಶಿಕ್ಷಕ, ಹೆಚ್ಚು ಪಂದ್ಯ, ಹೆಚ್ಚು ಅಭ್ಯಾಸ. ಕೆಲವು ವರ್ಷಗಳಾದ ಮೇಲೆ ಅವನು ನಿಜವಾಗಿಯೂ ಜಾಣನಾಗುತ್ತಾನೆ. ಡಿಸೆಂಬರಿನಲ್ಲಿ ಹುಟ್ಟಿದವನು ತನ್ನ ಕೈಲಾಗದೆಂದು ಮನೆಗೆ ಹೋಗುತ್ತಾನೆ.

ಇಲ್ಲಿ ಪ್ರತಿಜ್ಞೆಯುಂಟು, ಹೇತುವುಂಟು, ಉದಾಹರಣೆಯುಂಟು, ಮೂರೂ ತಮ್ಮ ತಮ್ಮ ಸ್ಥಾನದಲ್ಲಿವೆ. ಅತ್ಯುಚ್ಚ ಶ್ರೇಣಿಯ ಆಟಗಾರರಲ್ಲಿ ಈ ತಾರತಮ್ಯವು ಕುಗ್ಗುತ್ತದೆಂದು ಆಮೇಲೆ ಕೆಲವರು ತೋರಿಸಿರುವರಾದರೂ ಮೂಲವಾದಕ್ಕೆ ಅದರಿಂದ ಭಂಗವಿಲ್ಲ. ಉಪಾಧ್ಯಾಯ ವೃತ್ತಿಯಲ್ಲಿ ಕೂದಲು ಹಣ್ಣಾದವರು ಈ ಅಧ್ಯಾಯವನ್ನು ಓದಿದರೆ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತದೆ. ಒಂದನೆಯ ತರಗತಿಯಲ್ಲಿ ಮಂದನೆಂದು ನಾವು ಹಿಂದಿನ ಸಾಲಿಗೆ ಕಳಿಸಿದ ಎಷ್ಟು ಮಂದಿ ಮಕ್ಕಳು ಬರಿಯ ಕಿರಿಯರಾಗಿದ್ದರೋ! ನಮ್ಮ ಹಳ್ಳಿಯ ಶಾಲೆಗಳಲ್ಲಂತೂ ದಾಖಲೆಯ ದಿವಸ ತಂದೆಯಾದವನು ಮಗುವಿನ ಜನ್ಮದಿನ ತಿಳಿಯದೆಂದರೆ, ಮುಖ್ಯೋಪಾಧ್ಯಾಯರೇ ಜೂನ್ ೧ ಎಂದು ಬರೆದುಕೊಂಡುಬಿಡುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ನಮ್ಮ ಪೀಳಿಗೆಯಲ್ಲಿ ಜೂನ್ ೧ರಂದು ಹುಟ್ಟಿದವರ ಸಂಖ್ಯೆಯನ್ನು ನೋಡಿ ಬಾರ್ನ್‌ಸ್ಲಿಯವರು ಏನು ಸಿದ್ಧಾಂತ ಮಾಡುತ್ತಿದ್ದರೋ ಕಾಣೆವು.

ಇನ್ನು ಗ್ರಂಥದಲ್ಲಿ ಲೋಕಪ್ರಸಿದ್ಧವಾದ ಭಾಗಕ್ಕೆ ಬರೋಣ. ಎರಡನೆಯ ಅಧ್ಯಾಯಕ್ಕೆ ಗ್ಲಾಡ್‌ವೆಲ್ಲರು ‘ಹತ್ತು ಸಾವಿರ ಗಂಟೆಗಳ ನಿಯಮ’ವೆಂದು ಹೆಸರಿಟ್ಟರು. ಯಾವ ವಿದ್ಯೆಯಲ್ಲಾದರೂ ಪಾರಂಗತನಾಗಲು ೧೦,೦೦೦ ಗಂಟೆಗಳ ಅಭ್ಯಾಸ ಬೇಕೆಂಬುದು ತಾತ್ಪರ್ಯ. ದಿನಕ್ಕೆ ಮೂರು ಗಂಟೆಯಂತೆ ಲೆಕ್ಕ ಹಾಕಿದರೆ ಸುಮಾರು ಒಂಬತ್ತು ವರ್ಷ. ಇದಕ್ಕೆ ಆಧಾರವಾಗಿ ಅವರು ಹಿಡಿದದ್ದು ಆಂಡರ್ಸ್ ಎರಿಕ್ಸನ್ ಎಂಬ ಸ್ವೀಡನ್ ದೇಶದ ಮನಶ್ಶಾಸ್ತ್ರಜ್ಞರೂ ಅವರ ಇಬ್ಬರು ಸಹೋದ್ಯೋಗಿಗಳೂ ೧೯೯೩ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಅದರಲ್ಲಿರುವುದನ್ನು ಇದ್ದಂತೆಯೇ ಹೇಳುವುದು ಅವಶ್ಯ, ಏಕೆಂದರೆ ನಿಯಮವನ್ನು ಬಾಯಲ್ಲಿ ಆಡುವವರಲ್ಲಿ ಪ್ರಬಂಧವನ್ನು ಕಣ್ಣಿಂದ ಕಂಡವರು ಬಹಳ ಕಡಿಮೆ. ಬರ್ಲಿನ್ ನಗರದ ಸಂಗೀತ ವಿದ್ಯಾಲಯದಲ್ಲಿ ಪಿಟೀಲು ಕಲಿಯುತ್ತಿದ್ದ ವಿದ್ಯಾರ್ಥಿಗಳಲ್ಲಿ ಅತ್ಯುತ್ತಮರೆಂದು ಪ್ರಾಧ್ಯಾಪಕರು ಹೆಸರಿಸಿದ ಹತ್ತು ಮಂದಿ, ಉತ್ತಮರು ಹತ್ತು ಮಂದಿ, ಸಂಗೀತದ ಉಪಾಧ್ಯಾಯರಾಗಲು ಓದುತ್ತಿದ್ದವರು ಹತ್ತು ಮಂದಿ. ಇವರು ಬಾಲ್ಯದಿಂದ ಒಬ್ಬೊಬ್ಬರೇ ಕುಳಿತು ಎಷ್ಟು ಹೊತ್ತು ಸಾಧನೆ ಮಾಡಿದ್ದರೆಂದು ಅವರನ್ನೇ ಕೇಳಿ ಲೆಕ್ಕ ಹಾಕಲಾಯಿತು. ಹದಿನೆಂಟನೆಯ ವಯಸ್ಸಿನ ಹೊತ್ತಿಗೆ ಅತ್ಯುತ್ತಮರ ಸರಾಸರಿ ೭,೪೧೦ ಗಂಟೆ, ಉತ್ತಮರದು ೫,೩೦೧, ಮೂರನೆಯವರದು ೩,೪೨೦. ಇಪ್ಪತ್ತನೆಯ ವಯಸ್ಸಿಗೆ ಅತ್ಯುತ್ತಮರ ಸರಾಸರಿ ಹತ್ತು ಸಾವಿರವನ್ನು ದಾಟಿತು. ಪ್ರಬಂಧದಲ್ಲಿ ನಿಯಮವೆಂಬುದು ಎಲ್ಲಿಯೂ ಇಲ್ಲ.

ಸರಾಸರಿಯೆಂದಮೇಲೆ, ಆ ಹತ್ತು ಮಂದಿಯಲ್ಲಿ ಹಲವರು ಆ ಸಂಖ್ಯೆಯನ್ನು ಮುಟ್ಟಿರಲೇ ಇಲ್ಲವೆಂಬುದು ಸ್ಪಷ್ಟ. ಅರ್ಧದಷ್ಟು ಮಂದಿ ಮುಟ್ಟಿರಲಿಲ್ಲವೆಂದು ಎರಿಕ್ಸನ್ನರೇ ಆಮೇಲೆ ಹೇಳಿದರು. ಇಪ್ಪತ್ತು ವರ್ಷದ ಆ ಹುಡುಗ ಹುಡುಗಿಯರು ಇನ್ನೂ ವಿದ್ಯಾರ್ಥಿಗಳೇ ಹೊರತು ಪಾರಂಗತರಲ್ಲ. ಹದಿನೆಂಟು ಬಿಟ್ಟು ಇಪ್ಪತ್ತನ್ನೇ ಏಕೆ ಹಿಡಿಯಬೇಕು? ಇಪ್ಪತ್ತಕ್ಕೆ ಸಂಖ್ಯೆ ದುಂಡಗಾಗಿ ಬರುತ್ತದೆ, ಅಷ್ಟೆ. ಇವೆಲ್ಲ ಸಣ್ಣ ಆಕ್ಷೇಪಣೆಗಳು. ದೊಡ್ಡದು ಬೇರೆಯುಂಟು.

ಹೊಗೆಯಿದ್ದ ಕಡೆ ಬೆಂಕಿಯಿರುವುದೆಂದು ತರ್ಕಶಾಸ್ತ್ರದ ಮೊದಲನೆಯ ಪಾಠದಲ್ಲಿ ಕಲಿಯುತ್ತೇವೆ. ಇದನ್ನು ತಿರುಗಿಸಿ, ಬೆಂಕಿಯಿದ್ದ ಕಡೆಯೆಲ್ಲ ಹೊಗೆಯಿರುವುದೆಂದರೆ ತಪ್ಪು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಬೆಂಕಿಗೆ ಹಸಿಸೌದೆಯ ಸಂಬಂಧವಿರಬೇಕು. ಈ ಹಸಿಸೌದೆಯನ್ನೇ ತಾರ್ಕಿಕರು ಉಪಾಧಿಯೆನ್ನುವುದು. ಉಪಾಧಿಯನ್ನು ಮರೆಮಾಡಿ ಹೇಳಿದ ವ್ಯಾಪ್ತಿಯು ಕೇಳುವುದಕ್ಕೆ ಚೆನ್ನಾಗಿರುತ್ತದೆ, ಪರೀಕ್ಷೆಗೆ ನಿಲ್ಲುವುದಿಲ್ಲ. ಪಾರಂಗತನಾದವನಲ್ಲಿ ದೀರ್ಘಾಭ್ಯಾಸವಿರುತ್ತದೆಂಬುದು ಒಪ್ಪತಕ್ಕ ಮಾತು. ದೀರ್ಘಾಭ್ಯಾಸವಿದ್ದವನೆಲ್ಲ ಪಾರಂಗತನಾಗುತ್ತಾನೆಂಬುದು ಆ ಮಾತನ್ನು ತಿರುಗಿಸಿದ್ದು. ಎರಿಕ್ಸನ್ನರ ಪ್ರಬಂಧದ ಹಸಿಸೌದೆ ಯಾವುದೆಂದರೆ, ಬಲ್ಲ ಗುರುವಿನ ಮುಂದೆ, ತನಗೆ ಬಾರದ ಭಾಗವನ್ನೇ ಆರಿಸಿಕೊಂಡು, ತಪ್ಪನ್ನು ಒಡನೆ ತಿಳಿದು ತಿದ್ದಿಕೊಳ್ಳುತ್ತ ಮಾಡುವ ಪ್ರಯಾಸದ ಸಾಧನೆ. ಅದಕ್ಕೆ ಅವರು ವಿಶಿಷ್ಟವಾದ ಹೆಸರನ್ನೇ ಕೊಟ್ಟಿದ್ದರು. ಸಂಕಲ್ಪಿತ ಸಾಧನೆಯೆಂದು ಕನ್ನಡದಲ್ಲಿ ಹೇಳಬಹುದು. ಗ್ಲಾಡ್‌ವೆಲ್ಲರಾದರೋ ಇದರ ಪಕ್ಕದಲ್ಲಿ ಬೀಟಲ್ಸ್ ಎಂಬ ಗಾಯಕರ ಮೇಳವು ೧೯೬೦ರಿಂದ ೧೯೬೨ರವರೆಗೆ ಹ್ಯಾಂಬರ್ಗ್ ನಗರದ ಪಾನಶಾಲೆಗಳಲ್ಲಿ ರಾತ್ರಿಯೆಲ್ಲ ಹಾಡಿದುದನ್ನು ತಂದಿಟ್ಟರು. ಸಭೆಯಲ್ಲಿ ಹಾಡುವುದು ಬೇರೆ, ಮನೆಯಲ್ಲಿ ಕುಳಿತು ತಿದ್ದಿಕೊಳ್ಳುವುದು ಬೇರೆ. ಎರಡಕ್ಕೂ ಗಡಿಯಾರ ಒಂದೇ ಆದರೂ ಫಲ ಒಂದೇ ಅಲ್ಲವೆಂದು ಎರಿಕ್ಸನ್ನರು ೨೦೧೬ರಲ್ಲಿ ರಾಬರ್ಟ್ ಪೂಲ್ ಎಂಬವರೊಡನೆ ಬರೆದ ‘ಪೀಕ್’ ಎಂಬ ಪುಸ್ತಕದಲ್ಲಿ ಆಕ್ಷೇಪಿಸಿದರು.

ವೇದಪಾಠಶಾಲೆಯಲ್ಲಿ ಕುಳಿತವರಿಗೆ ಈ ಭೇದವನ್ನು ವಿವರಿಸಿ ಹೇಳಬೇಕಾದುದಿಲ್ಲ. ಸಂಥೆಯೆಂದರೆ ಗುರುವು ಒಮ್ಮೆ ಹೇಳುವುದು, ಶಿಷ್ಯನು ಅನುಸರಿಸಿ ಹೇಳುವುದು, ಒಂದು ಸ್ವರಿತ ಜಾರಿದರೆ ಅಲ್ಲಿಯೇ ನಿಲ್ಲಿಸಿ ಮತ್ತೆ ಮೊದಲಿಂದ. ಪದ, ಕ್ರಮ, ಜಟೆ, ಘನವೆಂದು ಪಾಠವನ್ನು ಕಟ್ಟಿರುವುದೇ ತಪ್ಪು ಅಡಗಿ ಕುಳಿತುಕೊಳ್ಳಲು ಎಡೆಯಿರದಂತೆ. ಗುರುವಿಲ್ಲದೆ ಪುಸ್ತಕವನ್ನು ನೋಡಿಕೊಂಡು ಇಪ್ಪತ್ತು ವರ್ಷ ಪಾರಾಯಣ ಮಾಡಿದವನು ಘನಪಾಠಿಯಾದುದನ್ನು ನಾವು ಕಂಡಿಲ್ಲ. ಅವನ ತಪ್ಪುಗಳು ಮಾತ್ರ ಘನವಾಗುತ್ತವೆ.

ಸಂಕಲ್ಪಿತ ಸಾಧನೆಯ ಮಹಿಮೆಯನ್ನು ಹೇಳುವುದರಲ್ಲಿ ಎರಿಕ್ಸನ್ನರೂ ಮಿತಿಮೀರಿದರೆಂಬ ವಾದವುಂಟು. ೨೦೧೪ರಲ್ಲಿ ಬ್ರೂಕ್ ಮೆಕ್‌ನಮಾರಾ ಮೊದಲಾದ ಮೂವರು ಸಂಶೋಧಕರು ಅದುವರೆಗಿನ ೮೮ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಬ್ಬರಿಗೂ ಮತ್ತೊಬ್ಬರಿಗೂ ಸಾಮರ್ಥ್ಯದಲ್ಲಿ ಕಾಣುವ ತಾರತಮ್ಯವನ್ನು ನೂರು ಪಾಲೆಂದು ಇಟ್ಟುಕೊಂಡರೆ, ಸಾಧನೆಯ ಹೆಚ್ಚುಕಡಿಮೆಯಿಂದ ವಿವರಿಸಬಹುದಾದ ಪಾಲು ಚದುರಂಗವೇ ಮುಂತಾದ ಆಟಗಳಲ್ಲಿ ೨೬, ಸಂಗೀತದಲ್ಲಿ ೨೧, ಕ್ರೀಡೆಗಳಲ್ಲಿ ೧೮, ಶಾಲೆಯ ವಿದ್ಯಾಭ್ಯಾಸದಲ್ಲಿ ೪. ಉಳಿದದ್ದು ಬೇರೆ ಕಾರಣಗಳಿಗೆ ಸೇರಿದುದು. ೨೦೧೯ರಲ್ಲಿ ಅದೇ ಮೆಕ್‌ನಮಾರಾ ಅವರು ಮತ್ತೊಬ್ಬರೊಡನೆ ಪಿಟೀಲಿನ ವಿದ್ಯಾರ್ಥಿಗಳನ್ನು ಪುನಃ ಪರೀಕ್ಷಿಸಿದಾಗ, ಇಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಅತ್ಯುತ್ತಮರೂ ಉತ್ತಮರೂ ಸುಮಾರು ೧೧,೦೦೦ ಗಂಟೆಗಳಂತೆ ಸಮಸಮನಾಗಿ ಸಾಧನೆ ಮಾಡಿದ್ದರು. ಮೂರನೆಯ ಗುಂಪಿನವರದು ಮಾತ್ರ ಸುಮಾರು ೬,೦೦೦. ಸಾಧನೆಯಿಲ್ಲದೆ ಮೇಲೇರುವಂತಿಲ್ಲ, ಸಾಧನೆಯೊಂದರಿಂದಲೇ ಶಿಖರವನ್ನು ಹತ್ತುವಂತೆಯೂ ಇಲ್ಲ. ಎರಿಕ್ಸನ್ನರು ತಮ್ಮ ಪಕ್ಷವನ್ನು ಸಮರ್ಥಿಸಿಕೊಳ್ಳುತ್ತಲೇ ೨೦೨೦ರಲ್ಲಿ ತೀರಿಕೊಂಡರು.

ಗ್ಲಾಡ್‌ವೆಲ್ಲರ ಪಕ್ಷವನ್ನೂ ನಾವು ಇಲ್ಲಿ ಕೇಳಬೇಕು. ಅವರ ಗ್ರಂಥದ ಪ್ರತಿಜ್ಞೆಯು ದುಡಿದವನಿಗೆ ಎಲ್ಲವೂ ಸಾಧ್ಯವೆಂಬುದಲ್ಲ, ಅದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ಸ್ವಪ್ರಯತ್ನದಿಂದಲೇ ಮೇಲೆ ಬಂದೆನೆನ್ನುವ ಧನಿಕನ ಅಹಂಕಾರವನ್ನು ಮುರಿಯಲೆಂದೇ ಅವರು ಲೇಖನಿಯನ್ನು ಹಿಡಿದರು. ಬಿಲ್ ಗೇಟ್ಸ್ ೧೯೬೮ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಸಿಯಾಟಲ್ ನಗರದ ತನ್ನ ಶಾಲೆಯಲ್ಲಿ ಗಣಕಯಂತ್ರದ ಮುಂದೆ ಕುಳಿತುಕೊಳ್ಳುವಂತಾದುದು ಆ ಶಾಲೆಯ ತಾಯಂದಿರ ಸಂಘವು ಹಣ ಕೂಡಿಸಿದ್ದರಿಂದ. ಆ ಕಾಲದಲ್ಲಿ ಅನೇಕ ಕಾಲೇಜುಗಳಲ್ಲಿಯೇ ಅಂತಹ ಅನುಕೂಲವಿರಲಿಲ್ಲ. ಅಷ್ಟು ಗಂಟೆ ಅಭ್ಯಾಸ ಮಾಡಬೇಕಾದರೆ ಹೊಟ್ಟೆಗೆ ಊಟ, ಮನೆಯಲ್ಲಿ ನೆಮ್ಮದಿ, ಕಾಲದ ಅನುಗ್ರಹ ಎಲ್ಲವೂ ಬೇಕು. ಆದುದರಿಂದ ಸಮಾಜವು ಅವಕಾಶಗಳನ್ನು ಹಂಚಬೇಕೆಂಬುದು ಅವರ ನಿಗಮನ. ಇದು ಉದಾತ್ತವಾದ ಮಾತು. ಸಂಖ್ಯೆಯನ್ನಷ್ಟೇ ಹಿಡಿದುಕೊಂಡು ತಮ್ಮ ಅಭಿಪ್ರಾಯವನ್ನು ಜನರು ಕೈಬಿಟ್ಟರೆಂದು ಅವರು ಆಮೇಲೆ ವ್ಯಸನಪಟ್ಟುದೂ ಉಂಟು. ಆದರೆ ಜನರನ್ನು ದೂರಿ ಫಲವೇನು? ಅಧ್ಯಾಯದ ತಲೆಯ ಮೇಲೆ ಸಂಖ್ಯೆಯನ್ನು ಕೆತ್ತಿ, ನಿಯಮವೆಂದು ಪಟ್ಟ ಕಟ್ಟಿದವರು ಜನರಲ್ಲ. ವಿಧಿವಾಕ್ಯವನ್ನೂ ಅರ್ಥವಾದವನ್ನೂ ಬೇರ್ಪಡಿಸುವ ಭಾರವನ್ನು ಮೀಮಾಂಸಕರು ಪಂಡಿತರಿಗೆ ಒಪ್ಪಿಸಿದರು. ಮಾರುಕಟ್ಟೆಯಲ್ಲಿ ಪುಸ್ತಕವನ್ನು ಕೊಳ್ಳುವವನಿಗೆ ಆ ಭಾರವನ್ನು ಹೊರಿಸಲಾಗದು. ಅವನ ಮನಸ್ಸಿನಲ್ಲಿ ಉಳಿಯುವುದು ಯಾವುದೆಂಬುದನ್ನು ಗ್ಲಾಡ್‌ವೆಲ್ಲರಷ್ಟು ಚೆನ್ನಾಗಿ ಬಲ್ಲ ಲೇಖಕರು ಈಗಿನ ಕಾಲದಲ್ಲಿ ವಿರಳ. ‘ದಿ ಟಿಪ್ಪಿಂಗ್ ಪಾಯಿಂಟ್’ ಗ್ರಂಥದಲ್ಲಿ, ಮಾತು ಮನಸ್ಸಿಗೆ ಅಂಟಿಕೊಳ್ಳುವುದು ಹೇಗೆಂಬುದಕ್ಕಾಗಿಯೇ ಒಂದು ಅಧ್ಯಾಯವನ್ನು ಅವರು ಮೀಸಲಿಟ್ಟಿದ್ದರಷ್ಟೆ.

ಈ ಸಂಖ್ಯೆಯು ಪುಸ್ತಕವನ್ನು ಬಿಟ್ಟು ಎಲ್ಲೆಲ್ಲಿಗೆ ಹೋಗಿದೆಯೆಂಬುದನ್ನು ನೋಡಿದರೆ ಮಾತ್ರ ವಿಷಯದ ಗಾಂಭೀರ್ಯವು ತಿಳಿಯುತ್ತದೆ. ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಮಗಳ ಪಿಟೀಲಿನ ಸಾಧನೆಯ ಲೆಕ್ಕವನ್ನು ಅಂಗಡಿಯ ಖಾತೆಯಂತೆ ಬರೆದಿಡುತ್ತಿದ್ದರು. ಗ್ಲಾಡ್‌ವೆಲ್ಲರ ಹೆಸರನ್ನು ಅವರು ಕೇಳಿದವರಲ್ಲ. ಸಂಖ್ಯೆಯು ಯಾರಿಂದಲೋ ಅವರ ಕಿವಿಗೆ ಬಿದ್ದಿತ್ತು. ಮಗುವು ಗಡಿಯಾರವನ್ನು ನೋಡುತ್ತ ಬಾರಿಸುತ್ತಿತ್ತು. ಕಲಿಸುವ ವಿದ್ವಾಂಸರು, ಹಿಡಿತದಲ್ಲಿಯೇ ದೋಷವಿದೆ, ಒಂದು ತಿಂಗಳು ನಿಲ್ಲಿಸಿ ಮೊದಲಿನಿಂದ ತಿದ್ದೋಣವೆಂದರೆ, ಅಷ್ಟು ಗಂಟೆಗಳು ವ್ಯರ್ಥವಾದುವಲ್ಲಾ ಎಂದು ತಂದೆಗೆ ಸಂಕಟ. ಪ್ರವೇಶಪರೀಕ್ಷೆಗಳಿಗೆ ಮಕ್ಕಳನ್ನು ಸಿದ್ಧಪಡಿಸುವ ಮನೆಗಳಲ್ಲಿಯೂ ಇದೇ ಮಾತು ಬೇರೆ ವೇಷದಲ್ಲಿ ಕೇಳಿಬರುತ್ತದೆ. ಎಷ್ಟು ಹೊತ್ತು ಕುಳಿತಿದ್ದಾನೆಂದು ಕೇಳುತ್ತಾರೆ, ಯಾವುದು ಬಾರದೆಂದು ಕೇಳುವುದಿಲ್ಲ. ಬಾರದುದಕ್ಕೆ ಗಂಟೆ ಸಾಲದೆಂಬುದೊಂದೇ ಉತ್ತರವಾದರೆ, ಮಗುವು ತನ್ನನ್ನು ಸೋಮಾರಿಯೆಂದು ತಾನೇ ನಂಬಿಬಿಡುತ್ತದೆ. ಅವಕಾಶವಂಚಿತರ ಪರವಾಗಿ ಬರೆದ ಪುಸ್ತಕದ ಒಂದು ಸಾಲು ಹೀಗೆ ಮಕ್ಕಳ ಬೆನ್ನ ಮೇಲಿನ ಬಾರುಕೋಲಾಯಿತು.

ದೃಷ್ಟಾಂತವು ಹೇತುವಿನ ಗದ್ದುಗೆಯನ್ನು ಏರಿದರೆ ಆಗುವ ಅನರ್ಥವು ಮನೆಗಳಲ್ಲಿಯೇ ನಿಲ್ಲುವುದಿಲ್ಲ. ಇದಕ್ಕೆ ‘ದಿ ಟಿಪ್ಪಿಂಗ್ ಪಾಯಿಂಟ್’ ಗ್ರಂಥದಲ್ಲಿರುವ ನ್ಯೂಯಾರ್ಕ್ ನಗರದ ಕಥೆಯೇ ಸಾಕ್ಷಿ. ಆ ನಗರದಲ್ಲಿ ೧೯೯೦ರಲ್ಲಿ ೨,೨೦೦ಕ್ಕೂ ಹೆಚ್ಚು ಕೊಲೆಗಳು ನಡೆದಿದ್ದುವು. ಆ ದಶಕದ ಕೊನೆಯ ಹೊತ್ತಿಗೆ ೭೦೦ಕ್ಕೆ ಕಡಿಮೆಯಾದುವು. ಗ್ಲಾಡ್‌ವೆಲ್ಲರು ಇದಕ್ಕೆ ಒಡೆದ ಕಿಟಕಿಯ ವಾದವನ್ನು ಮುಂದಿಟ್ಟರು. ಜೇಮ್ಸ್ ವಿಲ್ಸನ್, ಜಾರ್ಜ್ ಕೆಲಿಂಗ್ ಎಂಬಿಬ್ಬರು ೧೯೮೨ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಹೇಳಿದ್ದ ವಾದವಿದು: ಒಡೆದ ಒಂದು ಕಿಟಕಿಯನ್ನು ದುರಸ್ತಿ ಮಾಡದೆ ಬಿಟ್ಟರೆ ಇಲ್ಲಿ ಕೇಳುವವರಿಲ್ಲವೆಂಬ ಭಾವನೆ ಹರಡಿ ದೊಡ್ಡ ಅಪರಾಧಗಳಿಗೆ ದಾರಿಯಾಗುತ್ತದೆ. ಗೋಡೆಬರಹವನ್ನು ಅಳಿಸಿ, ಚೀಟಿಯಿಲ್ಲದೆ ರೈಲು ಹತ್ತುವವರನ್ನು ಹಿಡಿದುದರಿಂದ ಕೊಲೆಗಳು ನಿಂತುವೆಂಬಂತೆ ಅವರು ಬರೆದುದನ್ನು ಓದಿದರೆ ಯಾರೂ ಒಪ್ಪಲೇಬೇಕು, ಅಷ್ಟು ಸೊಗಸಾಗಿದೆ. ಆದರೆ ಅದೇ ವರ್ಷಗಳಲ್ಲಿ, ಕಿಟಕಿಗಳ ಗೊಡವೆಗೆ ಹೋಗದ ಅಮೆರಿಕದ ಇತರ ನಗರಗಳಲ್ಲಿಯೂ ಅಪರಾಧಗಳು ಇಳಿದುವು. ಹೇತುವಿಲ್ಲದ ಕಡೆಯಲ್ಲಿಯೂ ಕಾರ್ಯವು ಕಂಡಿತೆಂದಮೇಲೆ ಆ ಹೇತುವಿಗೆ ಬಲವೆಲ್ಲಿ?

ಆಮೇಲೆ ಆ ನಗರದ ಪೋಲೀಸರು ಬೀದಿಯಲ್ಲಿ ಹೋಗುವವರನ್ನು ತಡೆದು ಮೈ ತಡಕುವ ಪದ್ಧತಿಯನ್ನು ವಿಪರೀತವಾಗಿ ಬೆಳೆಸಿದರು. ೨೦೧೧ ಒಂದೇ ವರ್ಷದಲ್ಲಿ ೬,೮೦,೦೦೦ಕ್ಕೂ ಹೆಚ್ಚು ಸಲ ಹೀಗೆ ತಡೆದರು. ತಡೆಯಲ್ಪಟ್ಟವರಲ್ಲಿ ಬಹುಪಾಲು ಕಪ್ಪು ಜನರೂ ಲ್ಯಾಟಿನ್ ಅಮೆರಿಕದ ಮೂಲದವರೂ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯನ್ನು ಯಾವ ಆಪಾದನೆಯೂ ಇಲ್ಲದೆ ಬಿಟ್ಟುಬಿಡಬೇಕಾಯಿತು. ೨೦೧೩ರಲ್ಲಿ ನ್ಯಾಯಾಧೀಶೆ ಶಿರಾ ಶೈಂಡ್ಲಿನ್ ಅವರು ಈ ಆಚರಣೆಯು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪುಕೊಟ್ಟರು. ತಡೆಯುವುದು ಬಹುಮಟ್ಟಿಗೆ ನಿಂತಿತು. ಅಪರಾಧವು ಏರಲಿಲ್ಲ, ಇನ್ನೂ ಇಳಿಯಿತು. ೨೦೧೭ರಲ್ಲಿ ಕೊಲೆಗಳು ೩೦೦ಕ್ಕೂ ಕಡಿಮೆ. ಈ ಪದ್ಧತಿಯನ್ನು ತಂದವರು ಗ್ಲಾಡ್‌ವೆಲ್ಲರಲ್ಲ, ಮೇಯರರೂ ಪೋಲೀಸ್ ಅಧಿಕಾರಿಗಳೂ. ಆದರೆ ಅಂತಹ ಆಲೋಚನೆಗೆ ಶಾಸ್ತ್ರದ ಮುದ್ರೆಯೊತ್ತಿ, ಸಭ್ಯರ ಮನೆಗಳಲ್ಲಿ ಅದು ನಿಸ್ಸಂದೇಹವಾದ ಸತ್ಯವೆನಿಸುವಂತೆ ಮಾಡಿದುದರಲ್ಲಿ ಈ ಗ್ರಂಥದ ಪಾಲು ಚಿಕ್ಕದಲ್ಲ. ಇದನ್ನು ಅವರೇ ಬಲ್ಲರು. ೨೦೨೪ರಲ್ಲಿ ಸಾರ್ವಜನಿಕ ಸಭೆಯೊಂದರಲ್ಲಿ ನಿಂತು, ಈ ವಿಷಯದಲ್ಲಿ ತಾವು ಬರೆದುದು ತಪ್ಪಾಯಿತೆಂದು ಒಪ್ಪಿಕೊಂಡರು. ಅದೇ ವರ್ಷ ಹಳೆಯ ಗ್ರಂಥದ ವಿಷಯವನ್ನು ಮತ್ತೆ ಕೈಗೆತ್ತಿಕೊಂಡು ಹೊಸ ಪುಸ್ತಕವನ್ನೂ ಹೊರತಂದರು. ಗ್ರಂಥದಿಂದ ಕೀರ್ತಿ ಪಡೆದವರು ಇಪ್ಪತ್ತನಾಲ್ಕು ವರ್ಷಗಳ ತರುವಾಯವಾದರೂ ಹೀಗೆ ಹೇಳುವುದು ವಿದ್ವತ್‌ಪ್ರಪಂಚದಲ್ಲಿ ದಿನನಿತ್ಯದ ಸಂಗತಿಯಲ್ಲ, ಅದಕ್ಕಾಗಿ ಅವರನ್ನು ಗೌರವಿಸುತ್ತೇವೆ.

ವಿಮರ್ಶಕರು ಇವರನ್ನು ಕೆಲವೊಮ್ಮೆ ಅನ್ಯಾಯವಾಗಿಯೂ ಹೊಡೆದಿದ್ದಾರೆ. ಗಣಿತದಲ್ಲಿ ‘ಐಗೆನ್ ವ್ಯಾಲ್ಯೂ’ ಎಂಬ ಪರಿಭಾಷೆಯುಂಟು. ‘ಐಗೆನ್’ ಎಂಬುದು ‘ಸ್ವಂತ’ವೆಂಬ ಅರ್ಥವುಳ್ಳ ಜರ್ಮನ್ ಶಬ್ದ. ಗ್ಲಾಡ್‌ವೆಲ್ಲರ ೨೦೦೯ರ ಪ್ರಬಂಧಸಂಗ್ರಹದಲ್ಲಿ ಅದು ‘ಇಗಾನ್’ ಎಂದು ಅಚ್ಚಾಗಿತ್ತು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞರಾದ ಸ್ಟೀವನ್ ಪಿಂಕರ್ ಅದನ್ನು ಹಿಡಿದು, ತಜ್ಞರ ಬಾಯಿಂದ ಕೇಳಿದುದನ್ನು ಅರ್ಥಮಾಡಿಕೊಳ್ಳದೆ 베ರೆಯವರಿಗೆ ಒಪ್ಪಿಸುವುದರ ಗುರುತೇ ಇದೆಂದು ಗೇಲಿ ಮಾಡಿದರು. ಕಂಪನಗಳ ಗಣಿತದಲ್ಲಿ ಈ ಪರಿಭಾಷೆಯನ್ನೇ ಬಳಸಿ ಗ್ರಂಥ ಬರೆದವರ ಮಗನಿಗೆ ಈ ಗತಿಯೇ ಎಂದು ನಮಗೂ ನಗು ಬಂದಿತು. ಆದರೂ ಅಕ್ಷರದೋಷವನ್ನು ಎತ್ತಿ ತೋರಿಸಿ ವಾದವನ್ನು ಗೆದ್ದೆನೆನ್ನುವುದು ವೈಯಾಕರಣರ ಸಭೆಯಲ್ಲಿ ನಾವು ಸಾಕಷ್ಟು ಕಂಡ ಚಾಳಿ. ಅಪಶಬ್ದದಿಂದ ಅರ್ಥವು ಕೆಟ್ಟಿದ್ದರೆ ಅದನ್ನು ಹೇಳಬೇಕು, ಇಲ್ಲವಾದರೆ ತಿದ್ದಿಕೊಂಡು ಮುಂದೆ ಓದಬೇಕು.

ಕನ್ನಡದಲ್ಲಿ ಮನಶ್ಶಾಸ್ತ್ರವನ್ನು ತಿಳಿಯಾಗಿ ಬರೆದವರ ಮಾತು ಬಂದಾಗ, ‘ಕೊರವಂಜಿ’ಯ ಸಂಪಾದಕರಾಗಿದ್ದ ಡಾಕ್ಟರ್ ಎಂ. ಶಿವರಾಮ್ ಅವರ ನೆನಪಾಗದೆ ಇರದು. ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಅವರಲ್ಲಿಯೂ ಹಾಸ್ಯಕ್ಕೆ ಕೊರತೆಯಿರಲಿಲ್ಲ. ಆದರೆ ವೈದ್ಯನಾದವನು ಬರೆಯುವುದಕ್ಕೂ ಪತ್ರಿಕಾಕರ್ತನು ಬರೆಯುವುದಕ್ಕೂ ಒಂದು ಭೇದವುಂಟು: ವೈದ್ಯನು ಇಂದು ಹೇಳಿದ ಮಾತು ಹುಸಿಯಾದರೆ ರೋಗಿಯು ಮುಂದಿನ ವಾರ ಅವನ ಮುಂದೆಯೇ ಬಂದು ಕುಳಿತುಕೊಳ್ಳುತ್ತಾನೆ. ಪತ್ರಿಕಾಕರ್ತನ ವಾಚಕನು ಹಾಗೆ ಹಿಂತಿರುಗಿ ಬರುವುದಿಲ್ಲ. ಆದಕಾರಣ ಅವನು ತನಗೆ ತಾನೇ ಪೂರ್ವಪಕ್ಷಿಯಾಗಬೇಕಾಗುತ್ತದೆ. ಗ್ಲಾಡ್‌ವೆಲ್ಲರ ಗ್ರಂಥಗಳಲ್ಲಿ ಪೂರ್ವಪಕ್ಷಕ್ಕೆ ಸ್ಥಳವಿಲ್ಲ. ಕಥೆಯ ಓಟಕ್ಕೆ ಅದು ತಡೆಯಾಗುತ್ತದೆಂದು ಬಿಟ್ಟಿರಬೇಕು. ಇತ್ತ ‘ಪೀಕ್’ ಪುಸ್ತಕದಲ್ಲಿ ಪೂರ್ವಪಕ್ಷವೂ ಉಂಟು, ವಿವರವೂ ಉಂಟು. ಆದರೆ ಅದು ಗ್ಲಾಡ್‌ವೆಲ್ಲರ ಪುಸ್ತಕದಂತೆ ಒಂದೇ ರಾತ್ರಿಯಲ್ಲಿ ಓದಿಸಿಕೊಂಡು ಹೋಗುವುದಿಲ್ಲ. ಎರಡನ್ನೂ ಒಂದೇ ವಾರ ಎರವಲು ಪಡೆದು ಓದುವ ವಾಚಕರು ಧನ್ಯರು.

‘ಔಟ್‌ಲೈಯರ್ಸ್’ ಗ್ರಂಥವನ್ನು ನಮ್ಮ ಸಂಘದ ತರುಣರು ಸಂಗ್ರಹಿಸಿ ಕನ್ನಡಕ್ಕೆ ತರಬಯಸುವುದಾದರೆ, ಜನ್ಮಮಾಸಗಳ ಅಧ್ಯಾಯವನ್ನು ಒಂದು ಅಕ್ಷರವನ್ನೂ ಬಿಡದೆ ತರಲಿ. ಶಾಲೆಗಳ ಉಪಾಧ್ಯಾಯರಿಗೆಲ್ಲ ಅದನ್ನು ಹಂಚಬಹುದು. ಹತ್ತು ಸಾವಿರದ ಅಧ್ಯಾಯದಡಿಯಲ್ಲಿ ಮಾತ್ರ, ಪರೀಕ್ಷಿಸಲ್ಪಟ್ಟವರು ಮೂವತ್ತು ಮಂದಿ, ಸಂಖ್ಯೆಯು ಹತ್ತು ಮಂದಿಯ ಸರಾಸರಿ, ಕಲಿತದ್ದು ಗುರುಸಮಕ್ಷಮದಲ್ಲಿ ಎಂದು ಎರಡು ಪಂಕ್ತಿಗಳನ್ನು ಸೇರಿಸಲಿ. ವಾಚನಾಲಯದ ಪ್ರತಿಯಲ್ಲಿ ಹಿಂದಿನ ಓದುಗರು ಯಾರೋ ಸೀಸದ ಕಡ್ಡಿಯಿಂದ ಆ ಸಂಖ್ಯೆಯ ಕೆಳಗೆ ಮೂರು ಗೆರೆಗಳನ್ನು ಎಳೆದಿದ್ದಾರೆ. ಜನ್ಮಮಾಸಗಳ ಅಧ್ಯಾಯದಲ್ಲಿ ಒಂದು ಗೆರೆಯೂ ಇಲ್ಲ.